ಮಾಡಿದ್ದು, ಮುರಿದದ್ದು, ಸತ್ತದ್ದು

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದು ಪಟ್ಟಿ ಎದುರಾಗುತ್ತದೆ. ‘ನಾನು ತಿಂದಿದ್ದೇನೆ’, ‘ಅವಳು ಮಾತಾಡಿದ್ದಾಳೆ’ ಎನ್ನುವಂಥ ಪೂರ್ಣ ವರ್ತಮಾನಕಾಲದ ಪಾಠ ಅದು. ಸೂತ್ರ ಸುಲಭ. ‘ಅಬೇರ್’ ಎಂಬ ಸಹಾಯಕ ಕ್ರಿಯಾಪದದ ಆರು ರೂಪಗಳಲ್ಲಿ ತಕ್ಕದ್ದನ್ನು ಆರಿಸಿಕೊಂಡು, ಅದರ ಪಕ್ಕದಲ್ಲಿ ಮುಖ್ಯ ಕ್ರಿಯಾಪದದ ಭೂತಕೃದಂತವನ್ನು ಇಟ್ಟರಾಯಿತು. ಮಾತಾಡು ಎಂಬ ಅರ್ಥದ ‘ಆಬ್ಲಾರ್’ ‘ಆಬ್ಲಾದೊ’ ಆಗುತ್ತದೆ. ತಿನ್ನು ಎಂಬ ಅರ್ಥದ ‘ಕೊಮೇರ್’ ‘ಕೊಮೀದೊ’ ಆಗುತ್ತದೆ. ನಿದ್ರಿಸು ಎಂಬ ಅರ್ಥದ ‘ದೊರ್ಮೀರ್’ ‘ದೊರ್ಮೀದೊ’ ಆಗುತ್ತದೆ. ‘ಎ ಕೊಮೀದೊ’ ಅಂದರೆ ನಾನು ತಿಂದಿದ್ದೇನೆ. ‘ಆ ಆಬ್ಲಾದೊ’ ಅಂದರೆ ಅವಳು, ಅಥವಾ ಅವನು, ಮಾತಾಡಿದ್ದಾನೆ. ಇಷ್ಟು ಸಲೀಸಾದ ವ್ಯಾಕರಣ ಇನ್ನೆಲ್ಲಿದೆ ಅಂದುಕೊಳ್ಳುವಷ್ಟರಲ್ಲಿ ಪುಟದ ಕೆಳಗೆ ಚೌಕಟ್ಟು ಹಾಕಿದ ಪಟ್ಟಿ ಕಾಣುತ್ತದೆ: ಎಚೊ (ಮಾಡಿದ), ದೀಚೊ (ಹೇಳಿದ), ಎಸ್ಕ್ರೀತೊ (ಬರೆದ), ಬೀಸ್ತೊ (ನೋಡಿದ), ಪ್ವೆಸ್ತೊ (ಇಟ್ಟ), ಅಬ್ಯೆರ್ತೊ (ತೆರೆದ), ರೊತೊ (ಮುರಿದ), ಬ್ವೆಲ್ತೊ (ಮರಳಿದ), ಮ್ವೆರ್ತೊ (ಸತ್ತ). ಮೇಲೆ ದಪ್ಪಕ್ಷರದಲ್ಲಿ ‘ಅಪವಾದಗಳು’ ಎಂದಿರುತ್ತದೆ. ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ ಎಂಬ ಧಾಟಿ.

ಭಾಷೆಯ ಇತಿಹಾಸ ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಈ ‘ಅಪವಾದ’ ಎಂಬ ಮಾತಿನ ಮೇಲೆಯೇ ತಕರಾರಿದೆ. ಈ ಒಂಬತ್ತು ಪದಗಳು ನಿಯಮ ಮುರಿದವಲ್ಲ. ಅವು ಪಾಲಿಸುತ್ತಿರುವುದು ಪುಸ್ತಕದಲ್ಲಿ ಅಚ್ಚಾಗಿರುವ ನಿಯಮಕ್ಕಿಂತ ಹಳೆಯ ನಿಯಮವನ್ನು. ಕನ್ನಡದವರಿಗೆ ಇದು ಹೊಸ ವಿಚಾರವೇನಲ್ಲ. ಓಡು–ಓಡಿದ, ಹಾಡು–ಹಾಡಿದ, ಮಾಡು–ಮಾಡಿದ ಎನ್ನುವ ನಾವು ಕೊಡು–ಕೊಡಿದ ಎನ್ನುವುದಿಲ್ಲ. ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ, ಕೆಟ್ಟ, ನೆಟ್ಟ, ತೊಟ್ಟ, ಉಟ್ಟ. ಇಷ್ಟನ್ನು ಸಾಲಾಗಿ ಬರೆದ ಮೇಲೆ ಇವನ್ನು ಅಪವಾದ ಎನ್ನಲು ಬಾಯಿ ಬರುವುದಿಲ್ಲ. ಹ್ರಸ್ವ ಸ್ವರದ ಮುಂದೆ ‘ಡು’ ಬಂದರೆ ಹೀಗೆ ಎಂಬ ಕಟ್ಟಳೆ ಕಣ್ಣಿಗೆ ಹೊಡೆಯುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯಲು ಕೂತಾಗಲೇ ಈ ರೂಪಗಳಿಗೆ ಸಾಕಷ್ಟು ವಯಸ್ಸಾಗಿತ್ತು. ಸ್ಪ್ಯಾನಿಷ್‌ನ ಪಟ್ಟಿಯೂ ಅಂಥದ್ದೇ. ಅದನ್ನು ಬಿಡಿಸಿ ನೋಡಲು ಲ್ಯಾಟಿನ್‌ಗೆ ಹೋಗಬೇಕು.

ಲ್ಯಾಟಿನ್ನಿನಲ್ಲಿ ಭೂತಕೃದಂತ ಕಟ್ಟುವ ಬಗೆ ಎರಡಿತ್ತು. ಒಂದರಲ್ಲಿ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಒಂದು ದೀರ್ಘ ಸ್ವರ ಇರುತ್ತಿತ್ತು. ‘ಅಮಾತುಂ’, ಅಂದರೆ ಪ್ರೀತಿಸಿದ್ದು. ಉಚ್ಚರಿಸುವಾಗ ಒತ್ತು ಬೀಳುತ್ತಿದ್ದುದು ಆ ಸ್ವರದ ಮೇಲೆ. ಇಂದಿನ ‘–ಆದೊ’, ‘–ಈದೊ’ಗಳು ಅದರ ಸಂತಾನ. ಇನ್ನೊಂದು ಬಗೆಯಲ್ಲಿ ನಡುವೆ ಏನೂ ಇಲ್ಲದೆ ‘ತುಂ’ ನೇರವಾಗಿ ಧಾತುವಿಗೆ ಅಂಟುತ್ತಿತ್ತು. ಫಾಕ್–ತುಂ, ದಿಕ್–ತುಂ, ಸ್ಕ್ರಿಪ್–ತುಂ, ರುಪ್–ತುಂ. ಒತ್ತು ಧಾತುವಿನ ಮೇಲೆಯೇ. ವ್ಯಂಜನಕ್ಕೆ ವ್ಯಂಜನ ತಾಗಿ ನಿಂತ ಇಂಥ ಕಡೆಗಳಲ್ಲಿ ನಾಲಿಗೆ ಶತಮಾನಗಳ ಕಾಲ ಉಜ್ಜುತ್ತ ಹೋಯಿತು. ಪಟ್ಟಿಯಲ್ಲಿ ನಾವು ಕಾಣುವುದು ಹಾಗೆ ಉಜ್ಜಿಸಿಕೊಂಡವನ್ನು.

ಉಜ್ಜಿದ್ದಾದರೂ ಎಷ್ಟು ಕ್ರಮವಾಗಿ! ಕ್ಯಾಸ್ಟೀಲ್ ಸೀಮೆಯವರ ಬಾಯಲ್ಲಿ ಲ್ಯಾಟಿನ್ನಿನ ‘ಕ್ತ’ ‘ಚ’ ಆಯಿತು. ಎಂಟು ಎಂಬ ಅರ್ಥದ ‘ಓಕ್ತೊ’ ‘ಓಚೊ’ ಆಯಿತು. ರಾತ್ರಿ ಎಂಬ ‘ನೊಕ್ತೆಂ’ ‘ನೊಚೆ’ ಆಯಿತು. ಹಾಲು ಎಂಬ ‘ಲಾಕ್ತೆಂ’ ‘ಲೆಚೆ’ ಆಯಿತು. ಅದೇ ದಾರಿಯಲ್ಲಿ ‘ಫಾಕ್ತುಂ’ ಮೊದಲು ‘ಫೆಚೊ’ ಆಗಿ, ಪದದ ಆರಂಭದ ‘ಫ’ ಸವೆದು ‘ಹ’ ಆಗಿ, ಆ ‘ಹ’ವೂ ಉಸಿರಿನಲ್ಲಿ ಕರಗಿ ‘ಎಚೊ’ ಆಯಿತು. ‘ಪ’ ಎನ್ನುತ್ತಿದ್ದ ಪಾಲು ‘ಹ’ ಎಂದು ಹಾಲಾದ ಹಳಗನ್ನಡ–ನಡುಗನ್ನಡದ ಕತೆ ಗೊತ್ತಿದ್ದವರು ಇಲ್ಲಿ ಮುಗುಳ್ನಗಬಹುದು. ಇನ್ನು ‘ಪ್ತ’ದಲ್ಲಿ ‘ಪ’ ಬಿದ್ದುಹೋಯಿತು: ಏಳು ಎಂಬ ‘ಸೆಪ್ತೆಂ’ ‘ಸ್ಯೆತೆ’ ಆದ ಹಾಗೆ ‘ಸ್ಕ್ರಿಪ್ತುಂ’ ‘ಎಸ್ಕ್ರೀತೊ’ ಆಯಿತು, ‘ರುಪ್ತುಂ’ ‘ರೊತೊ’ ಆಯಿತು. ಒತ್ತು ಬಿದ್ದ ಹ್ರಸ್ವ ‘ಒ’ ‘ವೆ’ ಎಂದು ಒಡೆಯಿತು: ಬಾಗಿಲು ಎಂಬ ‘ಪೊರ್ತಾ’ ‘ಪ್ವೆರ್ತಾ’ ಆದಂತೆಯೇ ‘ಪೊಸಿತುಂ’ ‘ಪ್ವೆಸ್ತೊ’ ಆಯಿತು. ಒತ್ತು ಬಿದ್ದ ಹ್ರಸ್ವ ‘ಎ’ ‘ಯೆ’ ಆಯಿತು: ‘ಅಪೆರ್ತುಂ’ ‘ಅಬ್ಯೆರ್ತೊ’. ಪಟ್ಟಿಯಲ್ಲಿ ಅಡ್ಡಾದಿಡ್ಡಿ ಕಾಣುವ ಈ ಪದಗಳನ್ನು ಅವುಗಳ ನೆರೆಹೊರೆಯ ಹಾಲು, ಬಾಗಿಲು, ರಾತ್ರಿಗಳ ಜೊತೆ ಕೂರಿಸಿದರೆ ಒಂದೇ ಊರಿನವರೆಂದು ಮುಖ ನೋಡಿಯೇ ಹೇಳಬಹುದು.

ಎಲ್ಲವೂ ಇಷ್ಟು ಶುದ್ಧವಾಗಿಲ್ಲ, ನಿಜ. ‘ನೋಡಿದ್ದು’ ಎನ್ನಲು ಲ್ಯಾಟಿನ್ನಿನಲ್ಲಿದ್ದ ಪದ ‘ವೀಸುಂ’. ಅದರಿಂದ ‘ಬೀಸ್ತೊ’ ಹುಟ್ಟುವುದಿಲ್ಲ. ಆಡುಮಾತಿನವರು ‘ಇಟ್ಟದ್ದು’ ಎಂಬಂಥ ಬೇರೆ ಕೃದಂತಗಳ ಮಾದರಿ ಹಿಡಿದು ‘ನೋಡಿದ್ದು’ ಎಂಬುದಕ್ಕೆ ಹೊಸದೊಂದು ರೂಪ ಕಟ್ಟಿಕೊಂಡರು. ಅಂದರೆ ‘ಅಪವಾದ’ದ ಅಚ್ಚಿನಲ್ಲೂ ಹೊಸ ಪದ ಎರಕ ಹೊಯ್ಯುವಷ್ಟು ಆ ಅಚ್ಚು ಆಗ ಜೀವಂತವಾಗಿತ್ತು. ಹಳೆಯ ‘ವೀಸುಂ’ನ ಸ್ತ್ರೀಲಿಂಗ ರೂಪ ‘ವೀಸಾ’ ಮಾತ್ರ ಕಾಗದಪತ್ರಗಳಲ್ಲಿ ಉಳಿದುಕೊಂಡಿತು. ‘ನೋಡಲಾದ ಪತ್ರ’ ಎಂದು. ಪರದೇಶಕ್ಕೆ ಹೋಗುವ ಹುಡುಗರು ರಾಯಭಾರ ಕಚೇರಿಯ ಮುಂದೆ ಸಾಲು ನಿಲ್ಲುವುದು ಈ ಕೃದಂತಕ್ಕಾಗಿಯೇ.

ಈಗ ‘ಅಬೇರ್’ ಕಡೆಗೆ ಬರೋಣ, ಯಾಕೆಂದರೆ ಅರ್ಧ ಕತೆ ಅಲ್ಲಿದೆ. ಅದರ ಮೂಲ ಲ್ಯಾಟಿನ್ನಿನ ‘ಹಾಬೆರೆ’, ಅಂದರೆ ಇಟ್ಟುಕೊಂಡಿರು, ಹೊಂದಿರು. ‘ನನ್ನ ಹತ್ತಿರ ಕಾಗದಗಳಿವೆ, ಬರೆದು ಮುಗಿದಂಥವು’ ಎನ್ನಲು ಲ್ಯಾಟಿನ್ ಆಡುವವನು ‘ಹಾಬೆಯೊ’ ಎಂಬ ಕ್ರಿಯಾಪದ, ‘ಕಾಗದಗಳು’ ಎಂಬ ಕರ್ಮ, ಆ ಕಾಗದಗಳ ಲಿಂಗ ವಚನಕ್ಕೆ ಹೊಂದುವ ‘ಬರೆದ’ ಎಂಬ ವಿಶೇಷಣ, ಮೂರನ್ನೂ ಸೇರಿಸುತ್ತಿದ್ದ. ಬರೆದವರು ಯಾರು ಎಂಬುದು ಆ ವಾಕ್ಯದ ವಿಚಾರವೇ ಅಲ್ಲ, ಗುಮಾಸ್ತನೂ ಬರೆದಿರಬಹುದು. ಅಲ್ಲಿರುವುದು ಒಂದು ವಸ್ತು, ಅದರ ಸ್ಥಿತಿ, ಅದರ ಒಡೆಯ. ಆದರೆ ಬರೆದ ಕಾಗದ ಇಟ್ಟುಕೊಂಡವನೇ ಸಾಮಾನ್ಯವಾಗಿ ಅದನ್ನು ಬರೆದವನೂ ಆಗಿರುತ್ತಾನೆ. ಕೇಳುವವರು ಹಾಗೆಯೇ ತಿಳಿಯುತ್ತ ಬಂದರು. ‘ತಿಳಿದುಕೊಂಡದ್ದು’, ‘ಅರಿತದ್ದು’ ಎಂಬಂಥ ಕ್ರಿಯೆಗಳಲ್ಲಿ ಒಡೆಯ ಬೇರೆ, ಮಾಡಿದವನು ಬೇರೆ ಆಗುವುದು ಸಾಧ್ಯವೂ ಇಲ್ಲ. ಹೀಗೆ ಒಡೆತನದ ಮಾತು ಮೆಲ್ಲನೆ ಕಾಲದ ಮಾತಾಯಿತು. ನಮ್ಮಲ್ಲಿ ಈ ಕೆಲಸಕ್ಕೆ ಬಂದದ್ದು ‘ಇರು’: ಮಾಡಿ ಇದ್ದೇನೆ, ಮಾಡಿದ್ದೇನೆ. ಕನ್ನಡಕ್ಕೆ ‘ಹೊಂದು’ ಎಂಬುದು ಅಷ್ಟು ಹತ್ತಿರದ ಮಾತಲ್ಲ. ನಮಗೆ ಎಲ್ಲವೂ ‘ನನಗೆ ಇದೆ’, ‘ನನ್ನ ಹತ್ತಿರ ಇದೆ’. ಒಡೆತನವಿಲ್ಲದೆ ಬರೀ ಇರವಿನಿಂದಲೇ ಅದೇ ಕಾಲವನ್ನು ಕಟ್ಟಿಕೊಂಡೆವು.

ಕ್ಯಾಸ್ಟೀಲಿನ ಹಳೆಯ ಬರಹಗಳಲ್ಲಿ ಈ ಬದಲಾವಣೆ ಇನ್ನೂ ನಡುದಾರಿಯಲ್ಲಿರುವುದು ಕಾಣುತ್ತದೆ. ‘ಸಿದ್’ ವೀರನ ಕಾವ್ಯದಲ್ಲಿ ಕೃದಂತ ಕೆಲವು ಕಡೆ ಕರ್ಮದ ಲಿಂಗ ವಚನವನ್ನು ಅನುಸರಿಸುತ್ತದೆ, ಕೆಲವು ಕಡೆ ಇಲ್ಲ. ‘ಬಂದಿದ್ದಾರೆ’, ‘ಹೋಗಿದ್ದಾರೆ’ ಎನ್ನುವಾಗ ಸಹಾಯಕ್ಕೆ ಬರುವುದು ‘ಅಬೇರ್’ ಅಲ್ಲ, ‘ಸೇರ್’, ಅಂದರೆ ಇರು. ‘ಸತ್ತಿದ್ದಾನೆ’ ಎಂಬುದೂ ಹಾಗೆಯೇ ‘ಎಸ್ ಮ್ವೆರ್ತೊ’ ಆಗಿತ್ತು. ಫ್ರೆಂಚರೂ ಇಟಲಿಯವರೂ ಇವತ್ತಿಗೂ ಹಾಗೆಯೇ ಹೇಳುತ್ತಾರೆ. ಸ್ಪ್ಯಾನಿಷ್ ಮಾತ್ರ 17ನೆಯ ಶತಮಾನದ ಹೊತ್ತಿಗೆ ಎಲ್ಲವನ್ನೂ ‘ಅಬೇರ್’ ಕೈಗೆ ಒಪ್ಪಿಸಿ ‘ಆ ಮ್ವೆರ್ತೊ’ ಎಂದಿತು. ಅಕ್ಷರಶಃ ಬಿಡಿಸಿದರೆ ‘ಸತ್ತದ್ದನ್ನು ಹೊಂದಿದ್ದಾನೆ’. ಈ ಹೊತ್ತಿಗೆ ಹೊಂದುವ ಅರ್ಥ ‘ಅಬೇರ್’ನಲ್ಲಿ ಉಳಿದೇ ಇರಲಿಲ್ಲ. ಆ ಕೆಲಸಕ್ಕೆ ‘ತೆನೇರ್’ (ಹಿಡಿದಿರು) ಬಂದು ಕೂತಿತ್ತು.

ಬದಲಾವಣೆ ಮುಗಿದದ್ದನ್ನು ಕಂಡು ಬರೆದಿಟ್ಟವನು ಅಂತೋನಿಯೊ ದೆ ನೆಬ್ರಿಹಾ. ಅವನ ‘ಕ್ಯಾಸ್ಟೀಲಿಯನ್ ಭಾಷೆಯ ವ್ಯಾಕರಣ’ ಸಾಲಮಾಂಕಾದಲ್ಲಿ 1492ರ ಆಗಸ್ಟ್ 18ರಂದು ಹೊರಬಂತು. ಕೊಲಂಬಸ್ ಪಾಲೊಸ್ ಬಂದರಿನಿಂದ ಹೊರಟು ಆಗಿನ್ನೂ ಹದಿನೈದು ದಿನ. ಈ ಎರಡು ತಾರೀಖುಗಳನ್ನು ಜೋಡಿಸಿ ಸಾಮ್ರಾಜ್ಯ ಮತ್ತು ಭಾಷೆಯ ಬಗ್ಗೆ ಬರೆದವರು ಬೇಕಾದಷ್ಟು ಜನ. ನನಗೆ ಹೆಚ್ಚು ಹಿಡಿಸುವುದು ಅದೇ ಪುಸ್ತಕದ ಇನ್ನೊಂದು ಸಣ್ಣ ಗಮನಿಕೆ. ಲ್ಯಾಟಿನ್ ಪಂಡಿತನಾದ ನೆಬ್ರಿಹಾ ತನ್ನ ಜನರ ಮಾತಿಗೆ ಕಿವಿ ಕೊಟ್ಟ. ‘ನಾನು ಪ್ರೀತಿಸಿದ್ದೇನೆ’ ಎನ್ನುವಾಗ ಹೆಂಗಸೂ ‘ಅಮಾದೊ’ ಎಂದೇ ಹೇಳುತ್ತಾಳೆ, ‘ಅಮಾದಾ’ ಎನ್ನುವುದಿಲ್ಲ ಎಂದು ಗುರುತಿಸಿದ. ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ಹಾಗಾದರೆ ಇದು ಲ್ಯಾಟಿನ್ನಿನ ಕೃದಂತವಲ್ಲ, ಬೇರೆಯೇ ಏನೋ. ಅದಕ್ಕೆ ಹೆಸರೇ ಇಲ್ಲವೆಂದು ‘ನೋಂಬ್ರೆ ಪಾರ್ತಿಸಿಪಿಯಾಲ್ ಇನ್ಫಿನೀತೊ’ ಎಂದು ತಾನೇ ನಾಮಕರಣ ಮಾಡಿ, ಅದನ್ನು ಭಾಷೆಯ ಹತ್ತು ಪದವರ್ಗಗಳಲ್ಲಿ ಒಂದಾಗಿ ಎಣಿಸಿದ. ಹೆಸರು ನಿಲ್ಲಲಿಲ್ಲ. ಆದರೆ ಲ್ಯಾಟಿನ್ ಹೇಳಿಕೊಟ್ಟ ಎಂಟು ಪದವರ್ಗಗಳ ಹಂಗು ಬಿಟ್ಟು, ಬೀದಿಯಲ್ಲಿ ಕೇಳಿದ್ದಕ್ಕಾಗಿ ಪಟ್ಟಿಯನ್ನೇ ಉದ್ದ ಮಾಡಿದ ಧೈರ್ಯ ಸಣ್ಣದಲ್ಲ. ಸಂಸ್ಕೃತದ ಅಳತೆಗೆ ಕನ್ನಡವನ್ನು ಹಿಡಿದು ಕೂಡಿಸುವಾಗ ನಮ್ಮ ವೈಯಾಕರಣರು ಪಟ್ಟ ಪಾಡನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ತಮಾಷೆಯೆಂದರೆ ಹಳೆಯ ಕತೆ ಮತ್ತೆ ಮೊದಲಿಂದ ಶುರುವಾಗಿದೆ. ಇಂದಿನ ಸ್ಪ್ಯಾನಿಷ್‌ನಲ್ಲಿ ‘ತೇಂಗೊ ಎಸ್ಕ್ರೀತಾಸ್ ತ್ರೆಸ್ ಕಾರ್ತಾಸ್’ ಎನ್ನಬಹುದು: ಮೂರು ಕಾಗದ ಬರೆದಿಟ್ಟಿದ್ದೇನೆ. ಇಲ್ಲಿ ‘ಎಸ್ಕ್ರೀತಾಸ್’ ಕಾಗದಗಳ ಲಿಂಗ ವಚನಕ್ಕೆ ಹೊಂದಿಕೊಂಡಿದೆ, ಎರಡು ಸಾವಿರ ವರ್ಷದ ಹಿಂದಿನ ಲ್ಯಾಟಿನ್ನಿನಂತೆಯೇ.

ಹಾಗಾದರೆ ಅಷ್ಟೊಂದು ಹಳೆಯ ಕೃದಂತಗಳಲ್ಲಿ ಇಷ್ಟು ಮಾತ್ರ ಉಳಿದದ್ದು ಯಾಕೆ? ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ಇನ್ನೂ ಎಷ್ಟೋ ಇದ್ದವು. ಹತ್ತನೆಯ ಅಲ್ಫೊನ್ಸೊ ದೊರೆಯ (1252–1284) ಕಾನೂನು ಗ್ರಂಥಗಳಲ್ಲಿ ‘–ಉದೊ’ ಎಂದು ಮುಗಿಯುವ ಒಂದು ಜಾತಿಯೇ ಇದೆ. ‘ಬದ್ಧನಾದ’ ಎಂಬ ಅರ್ಥದ ‘ತೆನೂದೊ’ ಆ ಕಾಯಿದೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದಿನ ಎರಡು ಶತಮಾನಗಳಲ್ಲಿ ಆ ಜಾತಿ ‘–ಈದೊ’ಗೆ ದಾರಿ ಬಿಟ್ಟು ಕಣ್ಮರೆಯಾಯಿತು. ಬೇಯಿಸು ಎಂಬ ಕ್ರಿಯಾಪದದ ‘ಕೊಚೊ’ ಹೋಗಿ ‘ಕೊಸೀದೊ’ ಬಂತು. ಹುಟ್ಟು ಎಂಬುದರ ‘ನಾದೊ’ ಹೋಗಿ ‘ನಸೀದೊ’ ಬಂತು. ತಿರುಚು ಎಂಬುದರ ‘ತ್ವೆರ್ತೊ’ ಹೋಗಿ ‘ತೊರ್ಸೀದೊ’ ಬಂತು.

ಹೋದವು ಎಂದೆ, ಆದರೆ ಪೂರ್ತಿ ಹೋಗಲಿಲ್ಲ. ಕ್ರಿಯಾಪದದ ಮನೆಯಿಂದ ಹೊರಬಿದ್ದು ಬೇರೆ ಬೇರೆ ಕಡೆ ನೌಕರಿ ಹಿಡಿದವು. ‘ನಾದೊ’ದ ಸ್ತ್ರೀಲಿಂಗ ‘ನಾದಾ’ವನ್ನೇ ನೋಡಿ. ‘ಹುಟ್ಟಿದ ಒಂದು ವಸ್ತುವೂ ಇಲ್ಲ’ ಎಂದು ಒತ್ತಿ ಹೇಳುವಾಗ ಬರುತ್ತಿದ್ದ ‘ಹುಟ್ಟಿದ’ ಎಂಬ ಪದವೇ ಕಾಲಕ್ರಮದಲ್ಲಿ ‘ಏನೂ ಇಲ್ಲ’ ಎಂಬ ಅರ್ಥ ಹೊತ್ತಿತು. ಇವತ್ತು ಸ್ಪ್ಯಾನಿಷ್‌ನಲ್ಲಿ ‘ನಾದಾ’ ಎಂದರೆ ಶೂನ್ಯ. ಅದರ ಒಡಹುಟ್ಟು ‘ನಾದ್ಯೆ’ ಎಂದರೆ ಯಾರೂ ಇಲ್ಲ. ‘ಒಂದು ನರಪಿಳ್ಳೆಯೂ ಇರಲಿಲ್ಲ’ ಎನ್ನುವ ನಮಗೆ ಈ ಜಾಡು ತಿಳಿಯದ್ದಲ್ಲ. ನಾವು ಪಿಳ್ಳೆಯನ್ನೂ ‘ಇಲ್ಲ’ವನ್ನೂ ಬೇರೆ ಬೇರೆ ಇಟ್ಟೆವು, ಅವರಲ್ಲಿ ಪಿಳ್ಳೆಯೇ ‘ಇಲ್ಲ’ ಆಯಿತು.

‘ತ್ವೆರ್ತೊ’ ಇಂದು ಒಕ್ಕಣ್ಣ ಎಂಬ ಅರ್ಥ ಕೊಡುತ್ತದೆ. ಹಿಂದೆ ಅದಕ್ಕೆ ‘ಅನ್ಯಾಯ’ ಎಂಬ ಅರ್ಥವೂ ಇತ್ತು, ತಿರುಚಿದ್ದು ಎಂಬ ಲೆಕ್ಕದಲ್ಲಿ. ದೋನ್ ಕಿಹೋತೆ ಕುದುರೆಯೇರಿ ಹೊರಟದ್ದೇ ಲೋಕದ ‘ತ್ವೆರ್ತೊ’ಗಳನ್ನು ನೆಟ್ಟಗೆ ಮಾಡಲು. 1605ರ ಮೊದಲ ಭಾಗದಲ್ಲಿ ಅವನ ಏಟಿಗೆ ಸಿಕ್ಕಿ ಕಾಲು ಮುರಿದುಕೊಂಡ ಒಬ್ಬ ಪದವೀಧರ, ನೆಟ್ಟಗಿದ್ದ ನನ್ನನ್ನೇ ಸೊಟ್ಟ ಮಾಡಿದೆಯಲ್ಲ ಎಂದು ಇದೇ ಪದದ ಮೇಲೆ ಆಟವಾಡಿ ಗೊಣಗುತ್ತಾನೆ. ಸೆರ್ವಾಂತೆಸ್‌ನ ಓದುಗರಿಗೆ ಆ ಎರಡು ಅರ್ಥಗಳೂ ಒಟ್ಟಿಗೆ ಕೇಳಿಸುತ್ತಿದ್ದವು. ನಮ್ಮ ಕಾನೂನು ಕಾಲೇಜುಗಳಲ್ಲಿ ಓದುವ ‘ಲಾ ಆಫ್ ಟಾರ್ಟ್ಸ್’ನ ‘ಟಾರ್ಟ್’ ಫ್ರೆಂಚ್ ದಾರಿಯಲ್ಲಿ ಬಂದ ಇದೇ ಕೃದಂತ.

ಇಂಥವು ಇನ್ನೂ ಇವೆ, ಇಂಗ್ಲಿಷಿನ ಬಂಡಿಯೇರಿ ನಮ್ಮೂರಿಗೂ ಬಂದಿವೆ. ‘ಬಿಸ್ಕತ್ತು’ ಎಂದರೆ ಎರಡು ಸಲ ಬೆಂದದ್ದು. ಅದರೊಳಗಿನ ‘ಕತ್ತು’ ಸ್ಪ್ಯಾನಿಷ್ ಕಳೆದುಕೊಂಡ ‘ಕೊಚೊ’ದ ದಾಯಾದಿ. ಸ್ಪ್ಯಾನಿಷ್‌ನಲ್ಲೂ ಅದು ‘ಬಿಸ್ಕೊಚೊ’ ಎಂಬ ತಿಂಡಿಯ ಹೆಸರಿನಲ್ಲಿ ಉಳಿದಿದೆ. ‘ಪೋಸ್ಟ್’ ಆಫೀಸು ಪ್ವೆಸ್ತೊದ ನೆಂಟ, ಇಟ್ಟದ್ದು. ಬಸ್ಸಿನ ‘ರೂಟ್’ ರೊತೊದ ನೆಂಟ: ಕಾಡು ಕಡಿದು, ನೆಲ ಮುರಿದು ಮಾಡಿದ ದಾರಿ ಎಂದು. ‘ಡೇಟ್’ ಎಂದರೆ ‘ಕೊಟ್ಟದ್ದು’, ಹಳೆಯ ಪತ್ರಗಳಲ್ಲಿ ಇಂಥ ಊರಿನಲ್ಲಿ ಇಂಥ ದಿನ ಕೊಟ್ಟದ್ದು ಎಂದು ಬರೆಯುತ್ತಿದ್ದುದರಿಂದ. ಸ್ಪ್ಯಾನಿಷ್‌ನವರು ತಾರೀಖಿಗೆ ‘ಫೆಚಾ’ ಎನ್ನುತ್ತಾರೆ. ಅದು ಮಾಡಿದ್ದು ಎಂಬ ಕೃದಂತದ ಹಳೆಯ ಸ್ತ್ರೀಲಿಂಗ ರೂಪ: ‘ಈ ಪತ್ರ ಇಂಥ ದಿನ ಮಾಡಿದ್ದು.’ ಮಾತಿನಲ್ಲಿ ‘ಫ’ ಸವೆದು ‘ಎಚೊ’ ಆದರೂ ದಸ್ತಾವೇಜು ಬರೆಯುವವರ ಲೇಖನಿಯಲ್ಲಿ ಅದು ಸವೆಯಲಿಲ್ಲ. ಕರಣಿಕರು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಹೀಗೆಯೇ ಇರಬೇಕು.

ಉಳಿದವು ಉಳಿದದ್ದಕ್ಕೆ ಭಾಷಾವಿಜ್ಞಾನಿಗಳು ಕೊಡುವ ಕಾರಣ ಸರಳವಾಗಿದೆ. ಬಾಯಲ್ಲಿ ದಿನಕ್ಕೆ ನೂರು ಸಲ ಹೊರಳುವ ಪದ ಇಡಿಯಾಗಿ ನೆನಪಿನಲ್ಲಿರುತ್ತದೆ. ಅದನ್ನು ಪ್ರತಿಸಲ ಸೂತ್ರ ಹಾಕಿ ಕಟ್ಟಬೇಕಿಲ್ಲ. ಅಪರೂಪದ್ದು ನೆನಪಿಗೆ ಬಾರದಾಗ ನಾವು ಸೂತ್ರದ ಮೊರೆ ಹೋಗುತ್ತೇವೆ, ಆಗ ಹಳೆಯ ರೂಪ ಬಿದ್ದುಹೋಗುತ್ತದೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಂಗ್ಲಿಷಿನ ಕ್ರಿಯಾಪದಗಳನ್ನು ಹೀಗೆ ಎಣಿಸಿತ್ತು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳಲ್ಲಿ ಇಂದು ಹಾಗೆಯೇ ಉಳಿದಿರುವುದು 98. ಬಳಕೆ ನೂರು ಪಟ್ಟು ಕಡಿಮೆಯಾದರೆ ಕ್ರಿಯಾಪದ ಹತ್ತು ಪಟ್ಟು ಬೇಗ ಸೂತ್ರಕ್ಕೆ ಶರಣಾಗುತ್ತದೆ ಎಂದು ಅವರ ಲೆಕ್ಕ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಒಂದೇ ಮನೆಯ ಪದಗಳಲ್ಲಿ ಸಿಗುತ್ತದೆ. ಮುರಿ ಎಂಬ ‘ರೊಂಪೇರ್’ನ ಕೃದಂತ ‘ರೊತೊ’. ಆದರೆ ಅದಕ್ಕೆ ಉಪಸರ್ಗ ಸೇರಿ ಆದ, ಕೆಡಿಸು ಎಂಬ ಅರ್ಥದ ‘ಕೊರೊಂಪೇರ್’ನದು ‘ಕೊರೊಂಪೀದೊ’. ಹೇಳು ಎಂಬುದರದು ‘ದೀಚೊ’. ಒಳ್ಳೆಯದನ್ನು ಹೇಳು, ಅಂದರೆ ಹರಸು ಎಂಬುದರದು ‘ಬೆಂದೆಸೀದೊ’. ಪಾದ್ರಿ ನೀರನ್ನು ಹರಸಿದ್ದಾರೆ ಎನ್ನುವಾಗ ಸೂತ್ರದ ‘ಬೆಂದೆಸೀದೊ’. ಹಾಗೆ ಹರಸಿದ ತೀರ್ಥಕ್ಕೆ ಮಾತ್ರ ಹಳೆಯ ‘ಬೆಂದೀತಾ’.

ಪುಟ್ಟ ಮಕ್ಕಳಿಗೆ ಈ ಯಾವ ಗೊಡವೆಯೂ ಇಲ್ಲ. ಮ್ಯಾಡ್ರಿಡ್ಡಿನ ಮಗುವಾಗಲಿ ಲೀಮಾದ ಮಗುವಾಗಲಿ ಮೊದಮೊದಲು ‘ರೊಂಪೀದೊ’, ‘ಪೊನೀದೊ’ ಎನ್ನುತ್ತದೆ. ದೊಡ್ಡವರು ನಗುತ್ತ ತಿದ್ದುತ್ತಾರೆ. ತಿದ್ದುವವರು ಇಲ್ಲದಿದ್ದರೆ ಪಟ್ಟಿ ಒಂದೆರಡು ತಲೆಮಾರಿನಲ್ಲಿ ಖಾಲಿಯಾಗುತ್ತಿತ್ತೇನೋ. ಕೆಲವು ಪದಗಳಲ್ಲಿ ಮಕ್ಕಳ ಪಕ್ಷವೂ ಗೆದ್ದಿದೆ. ಕರಿದ ಎನ್ನಲು ‘ಫ್ರೀತೊ’, ‘ಫ್ರೆಯೀದೊ’ ಎರಡೂ ಸರಿ. ಅಚ್ಚು ಹಾಕಿದ ಎನ್ನಲು ‘ಇಂಪ್ರೇಸೊ’, ‘ಇಂಪ್ರಿಮೀದೊ’ ಎರಡೂ ಸರಿ ಎಂದು 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯೇ ಒಪ್ಪಿದೆ. ನಮ್ಮ ಅರಿದ–ಅರಿತ, ಮರೆದ–ಮರೆತಗಳ ಹಾಗೆ ಎರಡೂ ಬಾಳುತ್ತಿವೆ.

ಈ ಕಾಲವನ್ನು ಎಲ್ಲ ಸ್ಪ್ಯಾನಿಷ್ ಭಾಷಿಕರೂ ಒಂದೇ ಥರ ಬಳಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮ್ಯಾಡ್ರಿಡ್ಡಿನವರು ಬೆಳಿಗ್ಗೆ ತಿಂಡಿ ತಿಂದದ್ದನ್ನು ‘ತಿಂದಿದ್ದೇನೆ’ ಎನ್ನುತ್ತಾರೆ. ಬ್ಯೂನಸ್ ಐರಿಸ್‌ನವರು ಬಹುತೇಕ ‘ತಿಂದೆ’ ಎಂದು ಮುಗಿಸುತ್ತಾರೆ. ‘ಅಬೇರ್’ ಜೊತೆಗಿನ ಕೃದಂತ ಅಲ್ಲಿನ ದಿನನಿತ್ಯದ ಮಾತಿನಲ್ಲಿ ಕಡಿಮೆ. ವಿಶೇಷಣವಾಗಿ, ನಾಮಪದವಾಗಿಯೇ ಅದರ ಓಡಾಟ ಹೆಚ್ಚು. ವಿಚಿತ್ರವೆಂದರೆ ‘ವರ್ಣಿಸಿದ’ ಎಂಬುದಕ್ಕೆ ಸ್ಪ್ಯಾನಿಷ್ ಭಾಷಿಕರಲ್ಲಿ ಬಹುತೇಕರು ‘ದೆಸ್ಕ್ರೀತೊ’ ಎಂದರೆ ಅರ್ಜೆಂಟೀನದವರು ಲ್ಯಾಟಿನ್ನಿನ ‘ಪ’ವನ್ನು ಉಳಿಸಿಕೊಂಡು ‘ದೆಸ್ಕ್ರಿಪ್ತೊ’ ಎಂದು ಬರೆಯುತ್ತಾರೆ.

ಪಟ್ಟಿಯ ಕೊನೆಯ ಪದ ಉಳಿದಿದೆ. ‘ಮ್ವೆರ್ತೊ’ ಮೊದಲಿಂದಲೂ ವಿಚಿತ್ರ ಕೃದಂತ. ಸಾಯು ಎಂಬುದು ಅಕರ್ಮಕ. ಸಾವು ತಾನಾಗಿ ಬರುವುದು. ಆದರೆ ಸೆರ್ವಾಂತೆಸ್‌ನ ಕಾಲದಲ್ಲಿ ‘ಆನ್ ಮ್ವೆರ್ತೊ ಆ ಉನ್ ಓಂಬ್ರೆ’ ಎಂದರೆ ‘ಅವರು ಒಬ್ಬನನ್ನು ಕೊಂದಿದ್ದಾರೆ’ ಎಂದಾಗುತ್ತಿತ್ತು. ಕೊಲ್ಲು ಎಂಬ ‘ಮಾತಾರ್’ಗೆ ತನ್ನದೇ ಆದ ‘ಮಾತಾದೊ’ ಇದ್ದರೂ ಕೃದಂತವಾಗಿ ‘ಮ್ವೆರ್ತೊ’ವನ್ನೇ ಎರವಲು ತರುತ್ತಿದ್ದರು. ಇವತ್ತೂ ಗಂಭೀರ ಬರಹದಲ್ಲಿ ‘ಇಂಥವರಿಂದ ಕೊಲ್ಲಲ್ಪಟ್ಟ’ ಎನ್ನಲು ‘ಫ್ವೆ ಮ್ವೆರ್ತೊ’ ಎಂದು ಬರೆಯುವುದುಂಟು. ಸತ್ತವನೂ ಕೊಲೆಯಾದವನೂ ಒಂದೇ ಪದದಲ್ಲಿ ಮಲಗಿದ್ದಾರೆ. ಪಕ್ಕದಲ್ಲಿರುವ ಸಹಾಯಕ ಕ್ರಿಯಾಪದ, ಕರ್ತೃ, ಕರ್ಮಗಳನ್ನು ನೋಡಿಯೇ ಯಾರು ಏನು ಮಾಡಿದರೆಂದು ತಿಳಿಯಬೇಕು. ಕೃದಂತವೊಂದೇ ಆದರೆ ಸ್ಥಿತಿಯನ್ನು ಹೇಳುತ್ತದೆ, ಮಾಡಿದವರನ್ನು ಹೇಳುವುದಿಲ್ಲ.

ಇದು ಬರೀ ವ್ಯಾಕರಣದ ಮಾತಾಗಿ ಉಳಿಯದ ಒಂದು ಕಾಲ ಬಂತು. 1976ರ ಮಾರ್ಚ್ 24ರಂದು ಅರ್ಜೆಂಟೀನದಲ್ಲಿ ಸೇನೆ ಅಧಿಕಾರ ಹಿಡಿಯಿತು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು, ಬಸುರಿಯರು ರಾತ್ರೋರಾತ್ರಿ ಮನೆಯಿಂದ, ಬೀದಿಯಿಂದ ಎಳೆದೊಯ್ಯಲ್ಪಟ್ಟರು. ಪೊಲೀಸ್ ಠಾಣೆಯಲ್ಲಿ ದಾಖಲೆಯಿಲ್ಲ, ಜೈಲಿನಲ್ಲಿ ಹೆಸರಿಲ್ಲ, ಹೆಣವೂ ಇಲ್ಲ. 1977ರ ಏಪ್ರಿಲ್ 30ರಂದು ಕೆಲವು ತಾಯಂದಿರು ಅಧ್ಯಕ್ಷರ ಅರಮನೆಯ ಮುಂದಿನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಮೊದಲ ಸಲ ಸೇರಿದರು. ಅವರ ಮಕ್ಕಳಿಗೆ ಬಂದ ಹೆಸರು ‘ದೆಸಾಪಾರೆಸೀದೊಸ್’, ಕಾಣೆಯಾದವರು. ಸೂತ್ರದ ಪ್ರಕಾರ ಚೆನ್ನಾಗಿ ಕಟ್ಟಿದ, ಒಂದು ಅಪವಾದವೂ ಇಲ್ಲದ ಕೃದಂತ. ಮಂಜು ಕಾಣೆಯಾಗುತ್ತದೆ, ದಾರಿ ಕಾಣೆಯಾಗುತ್ತದೆ, ಯಾರೂ ಮಾಡಬೇಕಿಲ್ಲ. 1979ರ ಕೊನೆಯಲ್ಲಿ ಪತ್ರಿಕಾಗೋಷ್ಠಿಯೊಂದರಲ್ಲಿ ಕೇಳಿದಾಗ ಸರ್ವಾಧಿಕಾರಿ ವಿದೇಲಾ ಕೊಟ್ಟ ಉತ್ತರದ ಸಾರ ಇಷ್ಟು: ಕಾಣೆಯಾದವನು ಸತ್ತೂ ಇಲ್ಲ, ಬದುಕಿಯೂ ಇಲ್ಲ, ಕಾಣೆಯಾಗಿದ್ದಾನೆ. ‘ಮ್ವೆರ್ತೊ’ ಎಂದಿದ್ದರೆ ಹೆಣ ಎಲ್ಲಿ, ಕೊಂದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

ಇದಕ್ಕೆ ಕೆಲವೇ ತಿಂಗಳ ಮೊದಲು, 1979ರ ಸೆಪ್ಟೆಂಬರ್‌ನಲ್ಲಿ, ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ಆಯೋಗ ಬ್ಯೂನಸ್ ಐರಿಸ್‌ಗೆ ಬಂದು ತಾಯಂದಿರ ದೂರು ಕೇಳುತ್ತಿದ್ದಾಗ, ಅದೇ ಸರ್ಕಾರ ಇನ್ನೊಂದು ಪದವನ್ನು ಕಾನೂನಿನ ಮೂಲಕ ಕೊಟ್ಟಿತು. ಕಾಣೆಯಾದವರನ್ನು ನ್ಯಾಯಾಲಯ ‘ಸತ್ತಿರಬಹುದು’ ಎಂದು ಘೋಷಿಸುವ ಕಾನೂನು ಅದು, ಸಂಖ್ಯೆ 22,068. ಗಂಡನ ಹೆಸರಿನಲ್ಲಿರುವ ಮನೆ ಮಾರಬೇಕೆಂದರೆ, ಪಿಂಚಣಿ ಬೇಕೆಂದರೆ, ಮತ್ತೆ ಮದುವೆಯಾಗಬೇಕೆಂದರೆ ಹೆಂಡತಿಗೆ ಒಂದು ಕಾಗದ ಬೇಕು. ಆ ಕಾಗದಕ್ಕೆ ಬೆಲೆಯಾಗಿ ‘ಸತ್ತಿದ್ದಾನೆ’ ಎಂದು ಒಪ್ಪಬೇಕು. ಚೌಕದ ತಾಯಂದಿರು ವಿರೋಧಿಸಿದರು. ಒಯ್ದವರು ಜೀವಂತ ಒಯ್ದಿದ್ದಾರೆ, ಸತ್ತರೆಂದು ನಾವೇಕೆ ಹೇಳಬೇಕು ಎಂಬುದು ಅವರ ನಿಲುವು. ಪ್ರಜಾಪ್ರಭುತ್ವ ಮರಳಿದ ಮೇಲೆ ಕಾದಂಬರಿಕಾರ ಎರ್ನೆಸ್ತೊ ಸಾಬಾತೊ ಅಧ್ಯಕ್ಷತೆಯ ಆಯೋಗ 1984ರಲ್ಲಿ ಕೊಟ್ಟ ‘ನುಂಕಾ ಮಾಸ್’ (ಇನ್ನೆಂದೂ ಇಲ್ಲ) ವರದಿ ಸುಮಾರು 9,000 ಮಂದಿಯನ್ನು ದಾಖಲಿಸಿತು. ಮಾನವ ಹಕ್ಕುಗಳ ಸಂಘಟನೆಗಳು ಹೇಳುವ ಸಂಖ್ಯೆ 30,000.

1994ರಲ್ಲಿ ಬಂದ 24,321ನೆಯ ಸಂಖ್ಯೆಯ ಕಾನೂನು ಅದೇ ಮನೆ, ಪಿಂಚಣಿ, ಮದುವೆಯ ತೊಡಕುಗಳನ್ನು ಬಿಡಿಸಿತು. ಪರಿಣಾಮ ಹೆಚ್ಚುಕಡಿಮೆ ಹಳೆಯದರಂತೆಯೇ, ಆದರೆ ಅದು ಕೊಟ್ಟ ಸ್ಥಾನಮಾನದ ಹೆಸರು ‘ಬಲವಂತದ ಕಣ್ಮರೆಯಿಂದಾದ ಗೈರುಹಾಜರಿ’. ಯಾರೂ ‘ಮ್ವೆರ್ತೊ’ ಎಂದು ಸಹಿ ಹಾಕಬೇಕಿರಲಿಲ್ಲ.

ಅಷ್ಟರಲ್ಲಿ ಮಾತಿನಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ವ್ಯಾಕರಣದ ಪ್ರಕಾರ ‘ದೆಸಾಪಾರೆಸೇರ್’ ಅಕರ್ಮಕ, ಅದಕ್ಕೆ ಕರ್ಮ ಕೂಡದು. ಜನ ಅದಕ್ಕೆ ಕರ್ಮ ಕೊಟ್ಟರು. ‘ಅವನು ಕಾಣೆಯಾದ’ ಎನ್ನುವ ಬದಲು ‘ಅವನನ್ನು ಕಾಣೆ ಮಾಡಿದರು’ ಎಂದರು. 2014ರ ಸೆಪ್ಟೆಂಬರ್ 26ರ ರಾತ್ರಿ ಮೆಕ್ಸಿಕೊದ ಇಗ್ವಾಲಾ ಪಟ್ಟಣದಲ್ಲಿ ಅಯೊತ್ಸಿನಾಪಾ ಶಿಕ್ಷಕ ತರಬೇತಿ ಶಾಲೆಯ 43 ವಿದ್ಯಾರ್ಥಿಗಳು ಮಾಯವಾದ ಮೇಲೆ ಅಲ್ಲಿಯೂ ಇದೇ ಸಕರ್ಮಕ ಬಳಕೆ ಕೇಳಿಬಂತು. ಪೂರ್ಣ ವರ್ತಮಾನಕಾಲದಲ್ಲಿ ಹೇಳಿದರೆ ‘ಲೊಸ್ ಆನ್ ದೆಸಾಪಾರೆಸೀದೊ’. ‘ಲೊಸ್’ ಎಂದರೆ ಅವರನ್ನು. ‘ಆನ್’ ಎಂಬುದು ‘ಅಬೇರ್’ನ ಬಹುವಚನ ರೂಪ, ಕರ್ತೃ ಬಹುವಚನದಲ್ಲಿದ್ದಾರೆ, ಹೆಸರು ಹೇಳಿಲ್ಲ.